ನೀವ್ ಹೇಳಿದ್ರಿ ಅಂತ ತಗೊಂಡೆ

ಪೇಪರ್‌ನವರು ಅಂದರೆ ಎಲ್ಲಾ ಗೊತ್ತಿರುವವರು ಅಂತ ನಮ್ಮ ಸರಸಂಬಾದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಬೆಳಿಗ್ಗೆ ಚಹಾದಂಗಡಿ ಮುಂದೆ ಬೈಕ್ ನಿಲ್ಲಿಸಿದರೆ ಸಾಕು, ಶುರುವಾಗುತ್ತದೆ.

"ಸರ್, ಆ ಪಿಚ್ಚರ್ ಹೆಂಗದ?"

"ಹತ್ತು ಸಾವಿರದಾಗ ಯಾವ ಮೊಬೈಲ್ ಚಲೋ?"

"ಸಾಬೂನು ರೇಟ್ ಇಳದದಂತ, ನಮ್ಮ ಅಂಗಡ್ಯಾಗ ಯಾಕ ಇಳದಿಲ್ಲ?"

ನಾವು ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿದವರು. ಅದರಲ್ಲಿ ಮೊಬೈಲಿನ ಪಾಠವೂ ಇರಲಿಲ್ಲ, ಸಾಬೂನಿನ ಪಾಠವೂ ಇರಲಿಲ್ಲ. ಆದರೆ ಇಷ್ಟು ಪ್ರೀತಿಯಿಂದ ಕೇಳಿದಾಗ ಗೊತ್ತಿಲ್ಲ ಅನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಏನಾದರೊಂದು ಹೇಳಿಬಿಡುತ್ತಿದ್ದೆವು. ಹಾಗೆ ಹೇಳಿದ ಒಂದು ಮಾತಿನ ಬೆಲೆ ಎಷ್ಟು ಅಂತ 2024ರಲ್ಲಿ ಗೊತ್ತಾಯಿತು. ಮೊದಲು ಅದನ್ನು ಹೇಳಿ, ಆಮೇಲೆ ಈಚೆಗೆ ನೋಡಿದ, ಓದಿದ, ಕೊಂಡುಕೊಂಡ ಸಂಗತಿಗಳಿಗೆ ಬರುತ್ತೇವೆ.

ಮೂರನೇ ಟ್ಯಾಂಕಿಗೆ ನಿಂತ ಪಂಪು

ನಮ್ಮ ಓಣಿಯ ಕಾಕಾ ಒಬ್ಬರು 2024ರ ನವೆಂಬರ್‌ನಲ್ಲಿ ಬ್ಯಾಟರಿ ಪಂಪು ತಗೊಳ್ಳಬೇಕು ಅಂತ ಬಂದರು. ಮೊಬೈಲಿನಲ್ಲಿ ಒಂದು ಪಂಪಿನ ಚಿತ್ರ ತೋರಿಸಿದರು. ಬೆಲೆ 3,200 ರೂಪಾಯಿ. ನಾವು ಅದನ್ನು ಮುಟ್ಟಿ ನೋಡಿದವರಲ್ಲ. ಯಾರೋ ಒಬ್ಬ ಹುಡುಗ ಅದಕ್ಕೆ ಐದಕ್ಕೆ ಐದು ಸ್ಟಾರ್ ಕೊಟ್ಟ ವಿಡಿಯೊ ಅರ್ಧ ನೋಡಿದ್ದೆವು, ಅಷ್ಟೇ. "ತಗೋರಿ ಕಾಕಾ, ಚಲೋ ಅದ" ಅಂದೆವು. ಅವರು ಮರುಮಾತಿಲ್ಲದೆ ತರಿಸಿಕೊಂಡರು.

ಆಗ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ. ಅಂದರೆ ಆ ಪಂಪಿನ ಬೆಲೆ ಹತ್ತಿರ ಹತ್ತಿರ 42 ಕಿಲೋ ತೊಗರಿ.

ಪಂಪು ಬಂತು. ಎರಡು ಟ್ಯಾಂಕ್ ಹೊಡೆಯಿತು. ಮೂರನೇ ಟ್ಯಾಂಕಿಗೆ ನಿಂತಿತು. ತೊಗರಿ ಹೂವಿಗೆ ಬಂದ ಹೊತ್ತು ಅದು. ಕಾಯಿಕೊರಕದ ಪತಂಗ ಮೊಗ್ಗು, ಹೂವಿನ ಮೇಲೆ ಮೊಟ್ಟೆ ಇಡುವ ದಿನಗಳು. ಹುಳು ಸಣ್ಣದಿರುವಾಗ ಹೊಡೆದರೆ ಸಾಯುತ್ತದೆ. ಬೆಳೆದು ಕಾಯೊಳಗೆ ತಲೆ ಹಾಕಿದ ಮೇಲೆ ಎಷ್ಟು ಹೊಡೆದರೂ ಅಷ್ಟೆ. ಸರ್ವಿಸ್ ಸೆಂಟರ್ ಎಲ್ಲಿ ಅಂತ ಹುಡುಕಿದರೆ ನಮ್ಮ ಜಿಲ್ಲೆಯಲ್ಲೇ ಇಲ್ಲ. ಊರಲ್ಲಿ ಪಂಪು ಇದ್ದವರು ತಮ್ಮ ಹೊಲ ಮುಗಿಸಿ ಕೊಡುವಷ್ಟರಲ್ಲಿ ಹತ್ತು ದಿನ ಹೋಯಿತು.

ಕಾಕಾ ಬೈಯಲಿಲ್ಲ. ಪಂಪನ್ನು ನಮ್ಮ ಕಟ್ಟೆಯ ಮೇಲೆ ಇಟ್ಟು, "ನೀವ್ ಹೇಳಿದ್ರಿ ಅಂತ ತಗೊಂಡೆ" ಅಂದರು. ಚಹಾ ಕುಡಿದು ಹೋದರು. ಬೈದಿದ್ದರೆ ಚಲೋ ಇರುತ್ತಿತ್ತು.

ಆಮೇಲೆ ಮಾಡಿದ ಕೆಲಸ ಹೇಳುತ್ತೇವೆ, ನಿಮಗೂ ಉಪಯೋಗಕ್ಕೆ ಬರಬಹುದು. ಬಿಲ್ಲು ಮೊಬೈಲಿನಲ್ಲೇ ಇತ್ತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. ಪಂಪು ನಿಂತಿದ್ದರ ವಿಡಿಯೊ ಕಳಿಸಿದೆವು. ನಲವತ್ತು ದಿನ ಆದ ಮೇಲೆ ಹೊಸ ಬ್ಯಾಟರಿ ಬಂತು. ಅಷ್ಟರಲ್ಲಿ ಕಾಕಾ ತೊಗರಿ ಕೊಯ್ಯುತ್ತಿದ್ದರು. ಅದೂ ಬರದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಕಂಪನಿ ಎಲ್ಲೇ ಇರಲಿ, ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಐದು ಲಕ್ಷದೊಳಗಿನ ವಸ್ತುವಾದರೆ ಶುಲ್ಕ ಇಲ್ಲ. ಅದಕ್ಕೇ ಬಿಲ್ಲು ಒಗೆಯಬೇಡಿ. ಅದೊಂದೇ ನಮ್ಮ ಕೈಯಲ್ಲಿರುವ ಆಯುಧ.

ಇಂಟರ್‌ನೆಟ್‌ನ ಸ್ಟಾರ್‌ಗಳ ಬಗ್ಗೆಯೂ ಒಂದು ಮಾತು. ಸುಳ್ಳು ವಿಮರ್ಶೆ ತಡೆಯಲು ಭಾರತೀಯ ಮಾನಕ ಸಂಸ್ಥೆ 2022ರಲ್ಲಿ ಒಂದು ಮಾನದಂಡವನ್ನೇ ಮಾಡಿತು. ಆದರೆ ಬಂದಾಗ ಅದು ಕಡ್ಡಾಯವಾಗಿ ಬರಲಿಲ್ಲ, ಬೇಕಿದ್ದವರು ಪಾಲಿಸಬಹುದು ಅಂತ ಬಂತು. ಐದು ಸ್ಟಾರ್ ಕೊಟ್ಟವರು ರೊಕ್ಕ ಕೊಟ್ಟು ಕೊಂಡವರೋ, ರೊಕ್ಕ ತಗೊಂಡು ಹೊಗಳಿದವರೋ, ನಮಗೆ ನಿಮಗೆ ಗೊತ್ತಾಗುವುದಿಲ್ಲ.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆವು. ನಮ್ಮ ರೊಕ್ಕ ಕೊಟ್ಟು ನೋಡಿದ್ದರ, ಓದಿದ್ದರ, ಬಳಸಿದ್ದರ ಬಗ್ಗೆ ಮಾತ್ರ ಮಾತು. ಎಷ್ಟು ಖರ್ಚಾಯಿತು ಅಂತ ಸೇರಿಸಿ ಹೇಳಬೇಕು. ಎಲ್ಲಿಯವರೆಗೆ ಗೊತ್ತೋ ಅಲ್ಲಿಗೆ ಬಾಯಿ ಮುಚ್ಚಬೇಕು.

ಕಡೀ ಬಸ್ಸು ಮತ್ತು ಕಾಂತಾರ

ಕಾಂತಾರ ಅಧ್ಯಾಯ 1 ಅಕ್ಟೋಬರ್ 2ರಂದು, ದಸರಾ ದಿನವೇ ಬಂತು. ಮೊದಲನೇ ಕಾಂತಾರವನ್ನು ಅವ್ವ ಮೊಬೈಲಿನಲ್ಲಿ ನೋಡಿದ್ದಳು. "ಈ ಸಲ ದೊಡ್ಡ ಪರದೆ ಮ್ಯಾಲ ತೋರ್ಸು" ಅಂದಳು. ನಮ್ಮೂರಲ್ಲಿ ಟಾಕೀಸ್ ಇಲ್ಲ. ಕಲಬುರಗಿಗೇ ಹೋಗಬೇಕು.

ಟಿಕೆಟ್ 200 ರೂಪಾಯಿ ಮೀರಬಾರದು ಅಂತ ಸರ್ಕಾರ ಸೆಪ್ಟೆಂಬರ್ 12ರಂದು ಆದೇಶ ಮಾಡಿದ್ದು ನೆನಪಿತ್ತು. ನಾವೂ ಆ ಸುದ್ದಿಯನ್ನು ಊರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದೆವು. ಸೆಪ್ಟೆಂಬರ್ 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಅದನ್ನು ಹಾಕಲು ಮರೆತಿದ್ದೆವು. ಕೌಂಟರಿನಲ್ಲಿ ತಲೆಗೆ 250 ಕೇಳಿದಾಗ ಅವ್ವ ನಮ್ಮ ಮುಖ ನೋಡಿದಳು. "ನೀನ ಹೇಳಿದ್ದಿ ಅಲಾ ಎರಡ್ನೂರಂತ?" ಮತ್ತದೇ ಮಾತು!

ಅವ್ವನ ಬಸ್ ಟಿಕೆಟ್ ಸೊನ್ನೆ, ಶಕ್ತಿ ಯೋಜನೆ. ನಮ್ಮ ಬಸ್ಸು, ಸಿನಿಮಾ ಟಿಕೆಟ್ಟು, ಚಹಾ ಸೇರಿ ಏಳುನೂರರ ಮೇಲೆ ಹೋಯಿತು. ಚೀಲದಲ್ಲಿದ್ದ ರೊಟ್ಟಿ, ಶೇಂಗಾ ಹಿಂಡಿಯನ್ನು ಒಳಗೆ ಬಿಡಲಿಲ್ಲ, ಬಾಗಿಲಲ್ಲೇ ಇಟ್ಟು ಹೋದೆವು. ವರದಿಗೆ ಇಷ್ಟು ಅಂತ ಎಣಿಸಿ ಸಿಗುವ ನಮ್ಮ ಗೌರವಧನದಲ್ಲಿ ಇದು ಒಂದು ವಾರದ ಸುದ್ದಿ.

ಸಿನಿಮಾ ಹೆಂಗಿತ್ತು? ಕಾಡು, ಅರಮನೆ, ಕಾಳಗ ಎಲ್ಲಾ ಕಣ್ಣು ತುಂಬಿತು. ರಿಷಬ್ ಶೆಟ್ಟಿ ದೈವ ಮೈಮೇಲೆ ಬಂದಾಗ ಮಾಡುವ ನಟನೆಗೆ ಮುಂದಿನ ಸಾಲಿನ ಹೆಣ್ಣುಮಕ್ಕಳು ಕೈ ಮುಗಿದರು. ನಡುವೆ ನಗಿಸಲು ಹಾಕಿದ ಕೆಲವು ದೃಶ್ಯ ಬೇಡಾಗಿದ್ದವು. ಮೊದಲನೇದರಲ್ಲಿ ನಮ್ಮಂಥ ಒಂದು ಊರು, ಒಬ್ಬ ಉಡಾಳ ಹುಡುಗ, ಅವನಿಗೊಬ್ಬ ತಾಯಿ ಇದ್ದರು. ಆ ಬೈಗುಳ, ಆ ಮೀನು ಸಾರಿನ ಮನೆ ನಮಗೆ ಹತ್ತಿರ. ಇದರಲ್ಲಿ ರಾಜರ ಕಾಲದ ದೊಡ್ಡತನ ಇದೆ, ಆ ಹತ್ತಿರ ಇಲ್ಲ.

ಕ್ಲೈಮ್ಯಾಕ್ಸ್ ಬಗ್ಗೆ ಕೇಳಬೇಡಿ. ನಾವು ನೋಡಿಲ್ಲ. ಸಿನಿಮಾ ಎರಡೂ ಮುಕ್ಕಾಲು ಗಂಟೆಯದು. ಆಳಂದದಲ್ಲಿ ನಮ್ಮೂರ ಕಡೆಯ ಕಡೀ ಬಸ್ಸು ಸಿಗಬೇಕಾದರೆ ಅಷ್ಟು ಹೊತ್ತು ಕೂಡುವಂತಿರಲಿಲ್ಲ. ಇನ್ನೇನು ಜೋರು ಬಂತು ಅನ್ನುವಾಗ ಬಾಗಿ ಬಾಗಿ ಹೊರಗೆ ಬಂದೆವು. ಬಸ್ಸಿನಲ್ಲಿ ಅವ್ವ ರೊಟ್ಟಿ ಬಿಚ್ಚುತ್ತಾ, "ದೇವ್ರ ಗೆದ್ದಿರ್ತಾನ ಬಿಡು" ಅಂದಳು. ಪೇಪರುಗಳ ವಿಮರ್ಶೆಯಲ್ಲಿ ಸ್ಟಾರ್ ಇರುತ್ತದೆ, ಕಡೀ ಬಸ್ಸಿನ ಟೈಮ್ ಇರುವುದಿಲ್ಲ. ನಮ್ಮ ಊರುಗಳಿಗೆ ಎರಡನೆಯದೇ ಮುಖ್ಯ. ಮಧ್ಯಾಹ್ನದ ಮೊದಲ ಆಟಕ್ಕೆ ಹೋಗಿ, ಇದು ನಮ್ಮ ಸಲಹೆ.

ಸು ಫ್ರಮ್ ಸೋ ಜುಲೈ 25ರಂದು ಬಂದಿತ್ತು. ಜೆ.ಪಿ. ತುಮಿನಾಡು ನಿರ್ದೇಶನದ್ದು. ಆಗ ಹೋಗಲು ಆಗಲಿಲ್ಲ. ಮೊಬೈಲಿಗೆ ಬಂದ ಮೇಲೆ ಚೆಂಬಿಗೆ ಫೋನ್ ಆನಿಸಿ ಏಳು ಜನ ನೋಡಿದೆವು. ಕರಾವಳಿಯ ಕನ್ನಡ ನಮ್ಮವರಿಗೆ ಅರ್ಧ ತಿಳಿಯಲಿಲ್ಲ. ನಗುವುದಕ್ಕೆ ಅದು ಅಡ್ಡ ಬರಲಿಲ್ಲ. ದೆವ್ವ ಹೊಕ್ಕಿದೆ ಅಂತ ಇಡೀ ಊರು ಒಬ್ಬ ಹುಡುಗನ ಹಿಂದೆ ಬೀಳುವುದು ನಮ್ಮೂರಲ್ಲಿ ನಡೆಯದ ಕತೆಯೇನಲ್ಲ. ನಗುತ್ತಾ ನಗುತ್ತಾ ಒಬ್ಬ ಹೆಣ್ಣುಮಗಳ ಕಷ್ಟಕ್ಕೆ ಬಂದು ನಿಲ್ಲುತ್ತದಲ್ಲ, ಅಲ್ಲಿ ಓಣಿಯ ಹೆಂಗಸರು ಸುಮ್ಮನಾದರು. ಖರ್ಚು ತಲೆಗೆ ಲೆಕ್ಕ ಹಾಕಿದರೆ ಚಹಾಕ್ಕಿಂತ ಕಡಿಮೆ. ಧೈರ್ಯವಾಗಿ ನೋಡಿ.

ಕಲಬುರಗಿ ಮಾತಿನ ಸಿನಿಮಾ ಹೀಗೆ ಊರೂರು ನಗಿಸುವುದು ಯಾವಾಗ ಅಂತ ಚಹಾದಂಗಡಿಯಲ್ಲಿ ಒಬ್ಬ ಹುಡುಗ ಕೇಳಿದ. ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ನಾಗರಾಜ ಮಂಜುಳೆ 2016ರಲ್ಲಿ ಸೈರಾಟ್ ಮಾಡಿದರು. ಅದರ ಹಾಡು ಇವತ್ತಿಗೂ ನಮ್ಮ ಮದುವೆ ಮೆರವಣಿಗೆ ಬಿಟ್ಟಿಲ್ಲ. ಮರಾಠಿ ಆದರೂ ಅದರ ಹೊಲ, ಬಾವಿ, ಬಿಸಿಲು ನಮ್ಮದೇ ಅನಿಸಿತ್ತು. ಹುಡುಗನ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇಲ್ಲ. ಸಿನಿಮಾದಲ್ಲಿ ಸಿಗದ್ದು ಒಂದು ಪುಸ್ತಕದಲ್ಲಿ ಸಿಕ್ಕಿತು.

ಮಳೆಯಲ್ಲಿ ಓದಿದ ಎರಡು ಪುಸ್ತಕ

2020ರ ಫೆಬ್ರವರಿಯಲ್ಲಿ ಕಲಬುರಗಿಯಲ್ಲಿ 85ನೇ ಸಾಹಿತ್ಯ ಸಮ್ಮೇಳನ ಆದಾಗ ಗೀತಾ ನಾಗಭೂಷಣ ಅವರ ಕಾದಂಬರಿ 'ಬದುಕು' ಕೊಂಡಿದ್ದೆವು. ದಪ್ಪ ಪುಸ್ತಕ ಅಂತ ಐದು ವರ್ಷ ಟ್ರಂಕಿನಲ್ಲೇ ಇತ್ತು. ಸೆಪ್ಟೆಂಬರ್ ಮಳೆಯಲ್ಲಿ ಹೊಲಕ್ಕೆ ಹೋಗುವಂತಿಲ್ಲ, ಕರೆಂಟಿಲ್ಲ, ಭೀಮಾ ಪ್ರವಾಹದ ಸುದ್ದಿ ಬಿಟ್ಟರೆ ಬೇರೆ ಸುದ್ದಿಯಿಲ್ಲ. ತೆಗೆದು ಗಟ್ಟಿಯಾಗಿ ಓದಿದೆವು. ಅವ್ವ ಹಸಿಬಟ್ಟೆ ಹಿಂಡುತ್ತಿದ್ದವಳು ಬಂದು ಕೂತಳು.

"ಇದು ಪುಸ್ತಕದಾಗ ಅದನೋ, ನೀನ ಹೇಳ್ಲಕತ್ತೀದಿಯೋ?"

"ಪುಸ್ತಕದಾಗ ಅದ."

"ನಮ್ಮ ಮಾತು ಪುಸ್ತಕದಾಗ ಬರ್ತದ?"

ಬರೆದವರು ನಮ್ಮ ಜಿಲ್ಲೆಯ ಹೆಣ್ಣುಮಗಳು, ಅಪ್ಪ ಕಲಬುರಗಿಯ ಎಂಎಸ್‌ಕೆ ಮಿಲ್ಲಿನಲ್ಲಿ ಕೂಲಿ ಮಾಡಿದವರು, ಈ ಪುಸ್ತಕಕ್ಕೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಅಂತ ಹೇಳಿದೆವು. ಅವ್ವನಿಗೆ ಪ್ರಶಸ್ತಿಗಿಂತ ಮಿಲ್ಲಿನ ಮಾತು ನಾಟಿತು. ದಿನಾ ರಾತ್ರಿ ಹತ್ತು ಪುಟ ಓದಿಸಿಕೊಂಡಳು. ಕೆಲವು ಕಡೆ ಕತೆ ಎಳೆದಂತಾಗುತ್ತದೆ, ಖರೆ. ಆದರೆ ಗಟ್ಟಿಯಾಗಿ ಓದಿದರೆ ಆ ಎಳೆತ ಗೊತ್ತಾಗುವುದಿಲ್ಲ. ಓದಲು ಬರದವರಿಗೆ ಓದಿ ಹೇಳಬೇಕಾದ ಪುಸ್ತಕ ಇದು.

ಎರಡನೆಯದು ಬಾನು ಮುಷ್ತಾಕ್ ಅವರ ಕತೆಗಳು. 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಎಲ್ಲರಂತೆ ನಾವೂ ಹುಡುಕಿ ತಂದೆವು. ಆ ಬಹುಮಾನದ ರೊಕ್ಕ ಬರೆದವರಿಗೆ ಅರ್ಧ, ಅನುವಾದಿಸಿದ ದೀಪಾ ಭಾಸ್ತಿ ಅವರಿಗೆ ಅರ್ಧ. ಇದು ನಮಗೆ ಬಹಳ ಹಿಡಿಸಿತು. ಬಾನು ಅವರು ಲಂಕೇಶ್ ಪತ್ರಿಕೆಗೆ ವರದಿ ಮಾಡಿದವರು ಅನ್ನುವುದು ಅದಕ್ಕಿಂತ ಹಿಡಿಸಿತು.

'ಎದೆಯ ಹಣತೆ' ಕತೆಯಲ್ಲಿ ಗಂಡ ಕೈಬಿಟ್ಟ ಒಬ್ಬ ಹೆಣ್ಣುಮಗಳು ತವರಿಗೆ ಬರುತ್ತಾಳೆ. ತವರಿನವರು ಅವಳನ್ನು ವಾಪಸ್ ಅಲ್ಲಿಗೇ ಬಿಟ್ಟು ಬರುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಕೈಗೆತ್ತಿಕೊಳ್ಳುತ್ತಾಳೆ. ಓದುವಾಗ ನಮಗೆ ಬೆವರು ಬಂತು. ಇಂಥ ಸುದ್ದಿಯನ್ನು ನಾವು ಎಷ್ಟೋ ಸಲ ನಾಲ್ಕು ಸಾಲಿನಲ್ಲಿ ಕಳಿಸಿದ್ದೇವೆ. ಹೆಸರು, ವಯಸ್ಸು, "ಕೌಟುಂಬಿಕ ಕಲಹ", ಠಾಣೆಯಲ್ಲಿ ಪ್ರಕರಣ ದಾಖಲು. ತವರಿಗೆ ಹೋಗಿದ್ದಳಾ, ಬಾಗಿಲಲ್ಲಿ ಯಾರು ಏನಂದರು ಅಂತ ಒಂದು ಸಲವೂ ಕೇಳಿಲ್ಲ. ಈಗ ಕೇಳುತ್ತೇವೆ. ಪೇಪರಿನಲ್ಲಿ ಜಾಗ ಸಿಗದಿದ್ದರೂ ಕೇಳುತ್ತೇವೆ.

ಸಾಬೂನಿನ ಲೆಕ್ಕ

ಇನ್ನು ಸಾಬೂನು. ಸೆಪ್ಟೆಂಬರ್ 22ರಿಂದ ಮೈಸಾಬೂನು, ಶಾಂಪೂ, ಟೂತ್‌ಪೇಸ್ಟ್, ತಲೆಎಣ್ಣೆಯ ಜಿಎಸ್‌ಟಿ 18ರಿಂದ 5ಕ್ಕೆ ಇಳಿದಿದೆ. ಮೊದಲು ತೆರಿಗೆ ಸೇರಿ 118 ರೂಪಾಯಿ ಇದ್ದದ್ದು ಈಗ 105 ಆಗಬೇಕು. ಬಟ್ಟೆ ಪುಡಿಗೆ ಇಳಿದಿಲ್ಲ, ಅದಕ್ಕೆ ಅಂಗಡಿಯವರ ಜೊತೆ ಜಗಳ ಬೇಡ. ಹತ್ತು ರೂಪಾಯಿಯ ಸಣ್ಣ ಪ್ಯಾಕಿನಲ್ಲಿ ಬೆಲೆ ನೋಡಬೇಡಿ, ಗ್ರಾಂ ನೋಡಿ. ಚಿಲ್ಲರೆ ಕಷ್ಟ ಅಂತ ಎಷ್ಟೋ ಕಂಪನಿಗಳು ಬೆಲೆ ಅಷ್ಟೇ ಇಟ್ಟು ತೂಕ ಹೆಚ್ಚಿಸುತ್ತೇವೆ ಅಂದಿದ್ದವು. ನಾವು ಹಳೇ ಖಾಲಿ ಕವರ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ ಹೋಲಿಸಿದೆವು. ಒಂದರಲ್ಲಿ ತೂಕ ಹೆಚ್ಚಿತ್ತು, ಒಂದರಲ್ಲಿ ಹಳೇ ಸ್ಟಾಕೇ ಇತ್ತು. ಅಂಗಡಿಯವರು ಮೊದಲು ನಕ್ಕರು, ಆಮೇಲೆ ತಾವೂ ಓದಿ ನೋಡಿದರು.

ಮೊನ್ನೆ ಕಾಕಾ ಮತ್ತೆ ಬಂದರು. 2025-26ಕ್ಕೆ ಬೆಂಬಲ ಬೆಲೆ 8,000 ಇತ್ತು, ಆದರೆ ಮಳೆ ಹೊಡೆತಕ್ಕೆ ಅವರ ತೊಗರಿ ಅರ್ಧ ನಿಂತಿದೆ. ಮೊಮ್ಮಗಳು 32 ಇಂಚಿನ ಟಿವಿ ಬೇಕು ಅಂತ ಹಟ ಹಿಡಿದಿದ್ದಾಳೆ.

"ಟಿವಿ ಅಗ್ಗ ಆಗ್ಯಾವಂತ. ಯಾವುದು ತಗೋಲಿ?"

"32 ಇಂಚಿಗೆ ಮೊದಲ 18 ಇತ್ತು ಕಾಕಾ, ಈಗೂ 18 ಅದ. ಅದಕ್ಕಿಂತ ದೊಡ್ಡವಕ್ಕ ಇಳದದ. ಯಾವ ಕಂಪನಿ ಚಲೋ ಅಂತ ನಮಗ ಗೊತ್ತಿಲ್ಲ. ನಮ್ಮ ಮನ್ಯಾಗ ಟಿವಿನೇ ಇಲ್ಲ."

ಕಾಕಾ ಸ್ವಲ್ಪ ಹೊತ್ತು ಸುಮ್ಮನೆ ಕೂತರು. "ಆ ಪಂಪಿನ ದಿನಾನೂ ಹಿಂಗ ಅಂದಿದ್ರ ಚಲೋ ಇತ್ತು ನೋಡ್ರಿ" ಅಂದು ನಕ್ಕರು. ತೊಗರಿ ಮಾರಿದ ಮೇಲೆ ನೋಡೋಣ ಅಂತ ಎದ್ದರು. ಹೊಸ ಬ್ಯಾಟರಿ ಹಾಕಿದ ಪಂಪು ಈಗಲೂ ಅವರ ಮನೆಯ ಮೂಲೆಯಲ್ಲಿದೆ. ಈ ವರ್ಷ ಅದು ಐದು ಟ್ಯಾಂಕ್ ಹೊಡೆದಿದೆ. ಆರನೆಯದರ ಬಗ್ಗೆ ನಾವು ಏನೂ ಹೇಳುವುದಿಲ್ಲ.