ಅರವತ್ತರಲ್ಲಿ ಅಕ್ಷರಾಭ್ಯಾಸ

ಮೂವತ್ತು ವರ್ಷ ಸಂಸ್ಕೃತ ವ್ಯಾಕರಣವನ್ನು ಬೋಧಿಸಿದ ನನಗೆ ಅರವತ್ತನೆಯ ವಯಸ್ಸಿನಲ್ಲಿ ರೇಡಿಯೋ ವಿದ್ಯೆಯ ಅಕ್ಷರಾಭ್ಯಾಸವಾಯಿತು. ಗುರುವಾದವನು, ನಾನು ಹಿಂದೆ 'ಮಂದಮತಿ'ಯೆಂದು ಜರೆದು ಕಡೆಯ ಬೆಂಚಿಗೆ ಅಟ್ಟಿದ್ದ ಶಿಷ್ಯನೇ.

ಅವನು ತಂದಿತ್ತ ಯಂತ್ರವು ಹೆಬ್ಬೆರಳಿನಷ್ಟು. ಟೆಲಿವಿಷನ್ ನೋಡುವುದಕ್ಕೆಂದು ಮಾಡಿದುದು. ಅದರೊಳಗಿನ ಚಿಪ್ ಇತರ ರೇಡಿಯೋ ತರಂಗಗಳನ್ನೂ ಅಂಕಿಗಳನ್ನಾಗಿಸಿ ಕಂಪ್ಯೂಟರಿಗೆ ಒಪ್ಪಿಸಬಲ್ಲುದೆಂಬುದು 2012ರಲ್ಲಿ ಹವ್ಯಾಸಿಗಳಿಗೆಲ್ಲ ತಿಳಿಯಿತು. ಹಳೆಯ ರೇಡಿಯೋದಲ್ಲಿ ಸುರುಳಿಗಳೂ ವಾಲ್ವುಗಳೂ ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ಇಲ್ಲಿ ಗಣಿತವೇ ಮಾಡುವುದು. ಆದುದರಿಂದಲೇ ಇದಕ್ಕೆ ಸಾಫ್ಟ್‌ವೇರ್ ರೇಡಿಯೋ ಎಂದು ಹೆಸರು. ಪದಚ್ಛೇದವಿಲ್ಲದೆ ಶ್ಲೋಕಾರ್ಥವು ಹೇಗೆ ತಿಳಿಯದೋ, ತರಂಗವನ್ನು ಬಿಡಿಸದೆ ಧ್ವನಿಯೂ ಹಾಗೆಯೇ ದೊರೆಯದು.

ಮೂರು ದಿನ ಬರಿಯ ಭೋರ್ಗರೆತ. ಬೇಸತ್ತು ಯಂತ್ರವನ್ನು ಹಳಿದೆನು. ಶಿಷ್ಯನು ನಕ್ಕು, "ಅದು ಮಂದವಲ್ಲ, ಮೇಷ್ಟ್ರೆ. ಆಂಟೆನಾವನ್ನು ಕಬ್ಬಿಣದ ಬೀರುವಿನ ಹಿಂದೆ ಇಟ್ಟಿದ್ದೀರಿ, ಕಿಟಕಿಯ ಬಳಿಗೆ ತನ್ನಿ" ಎಂದನು. ತಂದೆನು. 101.3 ಮೆಗಾಹರ್ಟ್ಸಿನಲ್ಲಿ ಬೆಂಗಳೂರು ಆಕಾಶವಾಣಿಯು ಸ್ಫುಟವಾಗಿ ನುಡಿಯಿತು.

ನನ್ನ ಹಳೆಯ ಮಾತನ್ನು ಅವನು ಮರೆತಿರುವನೆಂದು ಭಾವಿಸಿದ್ದೆನು, ಮರೆತಿರಲಿಲ್ಲ. ಆ ಹುಡುಗನನ್ನು ಒಂದು ದಿನವಾದರೂ ಬೆಳಕಿಗೆ ಕರೆದು ಕೂರಿಸಿದ್ದೆನೆ? ಅಂದೇ ತಪ್ಪೊಪ್ಪಿಕೊಂಡೆನು. ಅವನು ತಲೆತಗ್ಗಿಸಿ, "ನಾಳೆ ವಿಮಾನಗಳ ಸಂಕೇತವನ್ನು ಹಿಡಿಯೋಣ, 1090 ಮೆಗಾಹರ್ಟ್ಸಿನಲ್ಲಿ" ಎಂದಷ್ಟೇ ಹೇಳಿದನು.

ವಾಚಕರಲ್ಲಿ ಯಾರಾದರೂ ಈ ಹವ್ಯಾಸಕ್ಕೆ ತೊಡಗುವುದಾದರೆ, ಯಂತ್ರವನ್ನು ಬೈಯುವ ಮುನ್ನ ಆಂಟೆನಾವನ್ನು ಕಿಟಕಿಯ ಬಳಿಗೆ ತರಲಿ.