ಕಾಲು ಸತ್ತಿಲ್ಲ, ಕರೆ ತಲುಪುತ್ತಿಲ್ಲ

ನಮ್ಮ ಅಡಿಕೆ ಸೀಮೆಯಲ್ಲಿ ಮರದಿಂದ ಬಿದ್ದು ಬೆನ್ನು ಮುರಿದುಕೊಂಡವರ ಸುದ್ದಿ ಹೊಸದೇನಲ್ಲ. ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯೋಕೆ ಹತ್ತಿದರೆ ಕಾಲು ಜಾರುತ್ತೆ, ಇಲ್ಲವೇ ಮರವೇ ಮುರಿಯುತ್ತೆ. ನನ್ನ ತಮ್ಮ ಬಿದ್ದು ಎಂಟು ವರ್ಷವಾಯಿತು. ಸೊಂಟದಿಂದ ಕೆಳಗೆ ಚಲನೆಯಿಲ್ಲ, ಮುಟ್ಟಿದರೂ ತಿಳಿಯುವುದಿಲ್ಲ. ನೋಡಲು ಬಂದವರು ಕಾಫಿ ಕುಡಿದು ಹೊರಡುವಾಗ ಕೇಳುವುದು ಒಂದೇ: "ಸೈನ್ಸು ಎಷ್ಟೆಲ್ಲ ಮುಂದುವರಿದಿದೆ, ಇದಕ್ಕೇನೂ ಔಷಧಿ ಬಂದಿಲ್ವಾ?" ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದ ನಾನು ನೆಟ್ಟಗಿನ ಉತ್ತರ ಹುಡುಕಲು ಕೂತೆ. ಮತ್ತೆ ಮತ್ತೆ ಎದುರಾದ ಹೆಸರು ಗ್ರೆಗ್ವಾರ್ ಕೂರ್ಟೀನ್. ಫ್ರಾನ್ಸ್ ಮೂಲದ ಈ ನರವಿಜ್ಞಾನಿ ಕೆಲಸ ಮಾಡುವುದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ.

ಬೆನ್ನುಹುರಿ ಅಂದರೆ ಕಿರುಬೆರಳಿನಷ್ಟು ದಪ್ಪ, ಸುಮಾರು 45 ಸೆಂ.ಮೀ. ಉದ್ದ. ಕೈಯ ನರ ತುಂಡಾದರೆ ಹೊಲಿದ ಮೇಲೆ ದಿನಕ್ಕೆ ಸುಮಾರು 1 ಮಿ.ಮೀ.ನಂತೆ ಬೆಳೆಯಬಲ್ಲದು. ಬೆನ್ನುಹುರಿಯ ಎಳೆಗಳು ಹಾಗಲ್ಲ. ಗಾಯದ ಸುತ್ತಲಿನ ಕೆಲವು ರಾಸಾಯನಿಕಗಳೇ ಬೆಳವಣಿಗೆಗೆ ಅಡ್ಡ ನಿಲ್ಲುತ್ತವೆ. ಮಿದುಳಿನ ಆಜ್ಞೆ ಕೆಳಗಿಳಿಯುವುದಿಲ್ಲ, ಕಾಲಿನ ಸುದ್ದಿ ಮೇಲೇರುವುದಿಲ್ಲ.

ಆದರೆ ಗಾಯದ ಕೆಳಗಿನ ಬೆನ್ನುಹುರಿ ಸತ್ತಿರುವುದಿಲ್ಲ. ತೋಟದ ದಾರಿಯಲ್ಲಿ ಹರಟುತ್ತಾ ನಡೆಯುವಾಗ ಯಾವ ಸ್ನಾಯು ಯಾವಾಗ ಬಿಗಿಯಾಗಬೇಕು ಅಂತ ನಾವು ಯೋಚಿಸ್ತೀವಾ? ಹೆಜ್ಜೆಯ ಲಯ ನೋಡಿಕೊಳ್ಳುವ ನರಜಾಲ ಸೊಂಟದ ಭಾಗದ ಬೆನ್ನುಹುರಿಯಲ್ಲೇ ಇದೆ. ಮೇಲಿನಿಂದ ಕರೆ ಬಾರದೆ ಅದು ಸುಮ್ಮನೆ ಮಲಗಿರುತ್ತೆ. ಅದನ್ನು ಸಣ್ಣ ವಿದ್ಯುತ್ತಿನಿಂದ ಎಬ್ಬಿಸಬಹುದೇ ಎಂಬುದೇ ಕೂರ್ಟೀನ್ ಅವರ ಪ್ರಶ್ನೆ.

2012ರಲ್ಲಿ ಅವರ ತಂಡ ನಡೆಯಲಾಗದ ಇಲಿಗಳಿಗೆ ವಿದ್ಯುತ್ತು, ಔಷಧಿ, ತರಬೇತಿ ಮೂರನ್ನೂ ಕೊಟ್ಟಿತು. ಅವು ಚಾಕೊಲೇಟ್ ಆಸೆಗೆ ತಾವಾಗಿ ಹೆಜ್ಜೆ ಹಾಕಿದವು. ಆಮೇಲೆ ಮನುಷ್ಯರ ಸರದಿ. ನರಶಸ್ತ್ರತಜ್ಞೆ ಜೋಸ್ಲಿನ್ ಬ್ಲಾಕ್ ಜೊತೆ ಸೇರಿ 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ ಪೂರ್ತಿ ಸ್ವಾಧೀನ ತಪ್ಪಿದ್ದ ಮೂವರಿದ್ದರು. 16 ಎಲೆಕ್ಟ್ರೋಡುಗಳ ಪಟ್ಟಿಯೊಂದನ್ನು ಬೆನ್ನುಹುರಿಯ ಮೇಲಿಟ್ಟು ಚಾಲೂ ಮಾಡಿದಾಗ, ಆಸರೆಯೊಂದಿಗೆ ಒಂದೇ ದಿನದೊಳಗೆ ಹೆಜ್ಜೆ ಬಂತು. 2023ರಲ್ಲಿ ಡಚ್ ಪ್ರಜೆ ಗೆರ್ಟ್-ಯಾನ್ ಓಸ್ಕಮ್ ಅವರ ಮಿದುಳಿನ ಸಂಕೇತವನ್ನೇ ಕಂಪ್ಯೂಟರ್ ಮೂಲಕ ಬೆನ್ನುಹುರಿಗೆ ದಾಟಿಸಿದರು. ಗಾಯದ ಮೇಲೊಂದು ಸಂಕ ಹಾಕಿದ ಹಾಗೆ! ತರಬೇತಿಯ ನಂತರ ಯಂತ್ರ ಆಫ್ ಇದ್ದಾಗಲೂ ಅವರು ಊರುಗೋಲಿನಲ್ಲಿ ಒಂದಿಷ್ಟು ನಡೆಯುವಂತಾದರು.

ಇದನ್ನೆಲ್ಲ ಓದಿ ಹೇಳಿದಾಗ ತಮ್ಮ ಕೇಳಿದ, "ಯಂತ್ರ ಕೂತಮೇಲೆ ನನ್ನ ಹಾಗೆ ಓಡಾಡ್ತಿದ್ದವನು ಮರ ಹತ್ತಬಹುದಾ ಅಕ್ಕಾ?" ಇಲ್ಲ. ಇದು ಗುಣವಾಗುವುದಲ್ಲ. ಕೈಯಲ್ಲಿ ವಾಕರ್ ಬೇಕು, ತಿಂಗಳುಗಟ್ಟಲೆ ಅಭ್ಯಾಸ ಬೇಕು, ಮಾಡಿಸಿಕೊಂಡವರು ಬೆರಳೆಣಿಕೆಯಷ್ಟು ಜನ. "ಹಾಗಾದ್ರೆ ನಡೆಯೋದು ಇರಲಿ, ಮೂತ್ರದ ಸೋಂಕಿಗೆ ಮೊದಲು ಏನಾದ್ರೂ ಕಂಡುಹಿಡೀಲಿ" ಅಂದ. ಕಷ್ಟ ಉಂಡವನಿಗೇ ಗೊತ್ತು ಯಾವುದು ಮೊದಲು ಬೇಕು ಅಂತ.

ಆದರೂ ಈ ಸಂಶೋಧನೆ ನಮ್ಮ ಮನೆಗೆ ಬೇರೊಂದು ರೀತಿಯಲ್ಲಿ ಉಪಕಾರ ಮಾಡಿದೆ. ಕಾಲು ಸತ್ತಿಲ್ಲ ಎಂದು ಗೊತ್ತಾದ ಮೇಲೆ ಅದರ ಆರೈಕೆಗೆ ಅರ್ಥ ಬಂತು. ಕೀಲು ಬಿಗಿಯದಂತೆ ದಿನಾ ಮಡಿಸಿ ಬಿಡಿಸುವುದು, ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕನ್ನಡಿ ಹಿಡಿದು ಬೆನ್ನಿನ ಕೆಳಗೆ ಕೆಂಪಾಗಿದೆಯಾ ನೋಡುವುದು. ಒತ್ತಡದ ಹುಣ್ಣು ಮೂಳೆಯವರೆಗೆ ಇಳಿದರೆ ಜೀವಕ್ಕೇ ಸಂಚಕಾರ.

ಇನ್ನೊಂದು ಮಾತು. ಗಾಯದಲ್ಲಿ ಉಳಿದ ನಾಲ್ಕು ಎಳೆಯೂ ಮುಂದೆ ಬೆಲೆಬಾಳುತ್ತೆ. ಮರದಿಂದ ಬಿದ್ದವರನ್ನು ದಯವಿಟ್ಟು ಕೈಕಾಲು ಹಿಡಿದು ಎತ್ತಬೇಡಿ, ಕೂರಿಸಿ ನೀರು ಕುಡಿಸಬೇಡಿ. ಆಂಬುಲೆನ್ಸ್ ಕರೆಯಿರಿ. ಸಾಗಿಸಲೇಬೇಕಾದರೆ ಕತ್ತು, ಬೆನ್ನು ಬಾಗದಂತೆ ನಾಲ್ಕೈದು ಜನ ಸೇರಿ ಹಲಗೆಯ ಮೇಲೆ ಮಲಗಿಸಿ.

ಹೋದ ವರ್ಷ ನೆಂಟರೊಬ್ಬರು ದೂರದ ನಗರದಲ್ಲಿ ಕೊಡುವ 'ಕಾಂಡಕೋಶ' ಇಂಜೆಕ್ಷನ್ ಸುದ್ದಿ ತಂದರು. ತೋಟದ ಒಂದು ತುಂಡು ಮಾರಿದರೆ ಸಾಕಾಗುತ್ತಿತ್ತು. ಅಮ್ಮ ಒಪ್ಪಿಯೂ ಬಿಟ್ಟಿದ್ದಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಬೆನ್ನುಹುರಿಗೆ ಇಂಥ ಚಿಕಿತ್ಸೆಯನ್ನು ಪರೀಕ್ಷೆಯಾಗಿ ಮಾತ್ರ ಮಾಡಬಹುದು, ಅದಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಅದನ್ನು ತಮ್ಮನ ಮುಂದಿಟ್ಟೆ. ನಿರ್ಧಾರ ಅವನದೇ.

ತೋಟ ಉಳಿಯಿತು. ಆ ವರ್ಷದ ಅಡಿಕೆ ದುಡ್ಡಿನಲ್ಲಿ ಅವನು ಗಾಳಿಹಾಸಿಗೆ ತರಿಸಿದ, ಬಚ್ಚಲಿನ ಬಾಗಿಲು ಅಗಲ ಮಾಡಿಸಿದ, ಅಂಗಳಕ್ಕೆ ಇಳಿಜಾರು ಕಟ್ಟಿಸಿದ. ಈಗ ಅಡಿಕೆ ಸುಲಿಯುವವರ ಲೆಕ್ಕ ಬರೆಯೋಕೆ ಗಾಲಿಕುರ್ಚಿಯಲ್ಲಿ ತಾನೇ ಹೋಗ್ತಾನೆ.