ಪರರ ಲೋಕದೊಳಗೆ ಬರೆಯುವವರು

ಬಾಗಲಕೋಟೆಯ ಟಾಕೀಜುಗಳ ಮುಂದೆ ಹಿಂದೆಲ್ಲ ಹಾಡಿನ ಪುಸ್ತಕ ಮಾರುತ್ತಿದ್ದರು. ಒರಟು ಕಾಗದದ ನಾಲ್ಕೆಂಟು ಪುಟ. ಹಾಡುಗಳಿಗೆ ಮೊದಲು ಒಂದು 'ಕಥಾಸಾರಾಂಶ' ಇರುತ್ತಿತ್ತು. ಅದು ಕಥೆಯನ್ನು ಅರ್ಧಕ್ಕೆ ತಂದು ನಿಲ್ಲಿಸಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಹೇಳಿ ಕೈತೊಳೆದುಕೊಳ್ಳುತ್ತಿತ್ತು. ಟಿಕೀಟಿಗೆ ದುಡ್ಡು ಸಾಲದ ನಮ್ಮಂಥವರು ಆ ಪುಸ್ತಕವನ್ನೇ ಕೊಂಡು ಓದಿ, ಉಳಿದರ್ಧವನ್ನು ನಾವೇ ಕಟ್ಟಿಕೊಂಡು, ಮರುದಿನ ಸಾಲಿಯಲ್ಲಿ ಸಿನಿಮಾ ನೋಡಿದವರಂತೆಯೇ ಹೇಳುತ್ತಿದ್ದೆವು. ನಟರ ಹೆಸರು, ಸಂಗೀತದವರ ಹೆಸರು, ಅಚ್ಚುಕೂಟದ ಹೆಸರು ಎಲ್ಲ ಇರುತ್ತಿದ್ದವು. ಸಾರಾಂಶ ಬರೆದವರ ಹೆಸರೊಂದು ಮಾತ್ರ ಇರುತ್ತಿರಲಿಲ್ಲ.

ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಇದೇ ಕೆಲಸ ದೊಡ್ಡ ಕಸುಬಾಗಿ ಬೆಳೆದಿದೆ. ಸಿನಿಮಾ ಅಥವಾ ಟಿ.ವಿ. ಧಾರಾವಾಹಿಯ ಕಥೆಯನ್ನು ಕಾದಂಬರಿಯಾಗಿ ಬರೆದುಕೊಡುವುದು, ಅದೇ ಪಾತ್ರಗಳನ್ನಿಟ್ಟುಕೊಂಡು ಹೊಸ ಕಥೆ ಹೆಣೆಯುವುದು. ಟೈ-ಇನ್ ಕಾದಂಬರಿ ಎನ್ನುತ್ತಾರೆ. ವೈಜ್ಞಾನಿಕ ಕಲ್ಪನೆಯ, ಮಾಯಾಲೋಕದ ಕಥೆಗಳಿಗೆ ಈ ಬೇಡಿಕೆ ಹೆಚ್ಚು. 'ಸ್ಟಾರ್ ವಾರ್ಸ್' ಸಿನಿಮಾ ತೆರೆಗೆ ಬಂದದ್ದು 1977ರ ಮೇ ತಿಂಗಳಲ್ಲಿ. ಅದರ ಕಾದಂಬರಿ ಅದಕ್ಕೂ ಮೊದಲೇ, 1976ರ ಕೊನೆಯಲ್ಲಿ ಅಂಗಡಿಗೆ ಬಂದಿತ್ತು. ರಕ್ಷಾಪುಟದ ಮೇಲೆ ನಿರ್ದೇಶಕ ಜಾರ್ಜ್ ಲೂಕಾಸ್ ಅವರ ಹೆಸರು. ಒಳಗಿನ ಅಕ್ಷರಗಳು ಅಲನ್ ಡೀನ್ ಫಾಸ್ಟರ್ ಎಂಬ, ಆಗಿನ್ನೂ ಮೂವತ್ತು ತುಂಬಿದ ಲೇಖಕನವು. ಸಿನಿಮಾ ಸೋತರೆ ಕಡಿಮೆ ಖರ್ಚಿನಲ್ಲಿ ಎರಡನೆಯದನ್ನು ತೆಗೆಯಲು ಅನುಕೂಲವಾಗಲೆಂದು ಮತ್ತೊಂದು ಕಾದಂಬರಿಯನ್ನೂ ಅವರಿಂದಲೇ ಬರೆಸಿದರು. ಸಿನಿಮಾ ಸೋಲಲಿಲ್ಲ, ಆ ಕಥೆ ತೆರೆಗೆ ಏರಲಿಲ್ಲ. 1978ರಲ್ಲಿ ಪುಸ್ತಕವಾಗಿ ಮಾತ್ರ ಬಂತು, ಈ ಸಲ ಅವರದೇ ಹೆಸರಿನಲ್ಲಿ.

ಈ ಕಸುಬಿನ ಕಷ್ಟ ಹೊರಗಿನವರಿಗೆ ಕಾಣುವುದಿಲ್ಲ. ಲೇಖಕನ ಕೈಗೆ ಸಿಗುವುದು ಚಿತ್ರಕಥೆಯ ಹಾಳೆಗಳು. ಸಿನಿಮಾ ಇನ್ನೂ ಮುಗಿದಿರುವುದಿಲ್ಲ, ಆದರೆ ಪುಸ್ತಕ ಅದರ ಜೊತೆಗೇ ಬರಬೇಕು. 1979ರ 'ಏಲಿಯನ್' ಕಾದಂಬರಿ ಬರೆಯುವಾಗ ಫಾಸ್ಟರ್ ಅವರಿಗೆ ಆ ಅನ್ಯಗ್ರಹದ ಪ್ರಾಣಿಯ ಚಿತ್ರವನ್ನೇ ತೋರಿಸಲಿಲ್ಲವಂತೆ. ಇಡೀ ಕಥೆ ಯಾವ ಪ್ರಾಣಿಯ ಸುತ್ತ ಇದೆಯೋ ಅದನ್ನೇ ವರ್ಣಿಸದೆ ಅವರು ಪುಸ್ತಕ ಮುಗಿಸಿದರು. ಮೂರನೆಯ ಭಾಗಕ್ಕೆ ಬರುವಾಗ ಬೇರೊಂದು ಪೇಚು. ಎರಡನೆಯ ಭಾಗದಲ್ಲಿ ಪ್ರಾಣ ಪಣಕ್ಕಿಟ್ಟು ಉಳಿಸಿದ ನ್ಯೂಟ್ ಎಂಬ ಪುಟ್ಟ ಹುಡುಗಿಯನ್ನು ಮೂರನೆಯ ಚಿತ್ರಕಥೆಯ ಆರಂಭದಲ್ಲೇ ಸಾಯಿಸಿಬಿಟ್ಟಿದ್ದರು. ಫಾಸ್ಟರ್ ಅವರಿಗೆ ಅದು ಸಹಿಸಲಿಲ್ಲ. ತಮ್ಮ ಕಾದಂಬರಿಯಲ್ಲಿ ಆ ಕೂಸನ್ನು ಬದುಕಿಸಲು ನೋಡಿದರು. ಚಿತ್ರ ತಯಾರಕರು ಒಪ್ಪಲಿಲ್ಲ. ಹುಡುಗಿ ಸತ್ತಳು, 1992ರಲ್ಲಿ ಪುಸ್ತಕ ಹೊರಬಂತು. ನಾಲ್ಕನೆಯ ಭಾಗ ಬರೆಯಲು ಕರೆದಾಗ ಅವರು ಬರುವುದಿಲ್ಲವೆಂದರು.

ಈ ಸಂಗತಿ ತಿಳಿದಾಗ ನಮಗೆ ಮೊದಲು ನೆನಪಾದದ್ದು ನಮ್ಮ ಸೀಮೆಯ ಕಂದಗಲ್ಲ ಹನುಮಂತರಾಯರು. ಆಗಿನ ಹುನಗುಂದ ತಾಲ್ಲೂಕಿನ ಕಂದಗಲ್ಲದಲ್ಲಿ 1896ರಲ್ಲಿ ಹುಟ್ಟಿ, 1966ರಲ್ಲಿ ತೀರಿಕೊಂಡವರು. 'ರಕ್ತರಾತ್ರಿ', 'ಕುರುಕ್ಷೇತ್ರ', 'ಅಕ್ಷಯಾಂಬರ' ಮುಂತಾದ ನಾಟಕಗಳನ್ನು ಕಂಪನಿಗಳಿಗಾಗಿ ಬರೆದರು. ಉತ್ತರ ಕರ್ನಾಟಕದ ಶೇಕ್ಸ್‌ಪಿಯರ್ ಎಂದು ಜನ ಕರೆದರು. ನಮ್ಮ ವಿಮರ್ಶಕರು ಮಾತ್ರ ಬಹುಕಾಲ 'ಕಂಪನಿ ಕವಿ' ಎಂಬ ಒಂದೇ ಮಾತಿನಲ್ಲಿ ಇಂಥವರನ್ನೆಲ್ಲ ಮೂಲೆಗೆ ಸರಿಸಿದರು. ಸ್ವಂತ ಕಥೆಯಲ್ಲ, ವ್ಯಾಸರದು. ಸ್ವಂತ ತುಡಿತವಲ್ಲ, ಮಾಲೀಕರ ಗಲ್ಲಾಪೆಟ್ಟಿಗೆ. ಟೈ-ಇನ್ ಲೇಖಕರ ಮೇಲೆ ಅಲ್ಲಿಯ ಪಂಡಿತರು ಹೊರಿಸುವ ಆರೋಪವೂ ಇದೇ. ಮೂಗು ಮುರಿಯುವುದರಲ್ಲಿ ಮಾತ್ರ ಪಂಡಿತರು ಎಲ್ಲ ದೇಶದಲ್ಲೂ ಒಂದೇ!

'ರಕ್ತರಾತ್ರಿ' ಎಂದರೆ ಅಶ್ವತ್ಥಾಮ ಪಾಂಡವರ ಬಿಡಾರಕ್ಕೆ ನುಗ್ಗಿ ಮಲಗಿದ್ದವರನ್ನು ಕೊಂದ ರಾತ್ರಿ. ದ್ರೌಪದಿಯ ಐವರು ಮಕ್ಕಳು ಸಾಯುತ್ತಾರೆ. ಹನುಮಂತರಾಯರಿಗೂ ಆ ಮಕ್ಕಳನ್ನು ಉಳಿಸುವ ಅಧಿಕಾರ ಇರಲಿಲ್ಲ. ಆದರೆ ಅವರಿಗೆ ಬೇಡವೆಂದು ಹೇಳಲು ಯಾವ ಕಚೇರಿಯೂ ಇರಲಿಲ್ಲ. ಬೇಡವೆಂದು ಹೇಳುವವರು ಮುಂದೆ ನೆಲದ ಮೇಲೆ ಕುಳಿತ ಜನ. ಮಕ್ಕಳು ಸಾಯುತ್ತಾರೆಂದು ಅವರಿಗೆ ಗೊತ್ತು, ಗೊತ್ತಿದ್ದೇ ಬಂದಿದ್ದಾರೆ. ಕವಿಗೆ ಉಳಿಯುವುದು ತಾಯಿಯ ಬಾಯಿಗೆ ಮಾತು ಕೊಡುವುದು. ಆ ದ್ರೌಪದಿಯ ಪಾತ್ರವನ್ನು ಬಳ್ಳಾರಿ ಸೀಮೆಯ ಸುಭದ್ರಮ್ಮ ಮನ್ಸೂರು ಎಷ್ಟು ಮಾಡಿದರೂ ಜನಕ್ಕೆ ಸಾಕಾಗಲಿಲ್ಲ. ಶಕುನಿಯ ಮಾತುಗಳಂತೂ ನಮ್ಮ ಹಳ್ಳಿಗಳಲ್ಲಿ ಓದು ಬಾರದವರಿಗೂ ಬಾಯಿಪಾಠ. ನಟ ತಪ್ಪಿದರೆ ಕೆಳಗೆ ಕೂತವರೇ ಎತ್ತಿಕೊಡುತ್ತಾರೆ.

ಮೊಹರಂನ ರಿವಾಯತ ಪದಗಳನ್ನು ಕಟ್ಟಿದವರ ಪಾಡೂ ಇದೇ. ಕರ್ಬಲಾದ ಕಥೆಯನ್ನು ತಿದ್ದುವ ಹಕ್ಕು ಯಾರಿಗೂ ಇಲ್ಲ. ಆರು ತಿಂಗಳ ಹಸುಳೆ ಅಲಿ ಅಸ್ಗರನ ಕೊರಳಿಗೆ ಬಾಣ ತಾಗಿಯೇ ತೀರುತ್ತದೆ. ನಮ್ಮೂರುಗಳ ಹಾಡುಗಾರರು, ಅವರಲ್ಲಿ ಅನೇಕರು ಹಿಂದೂಗಳು, ಆ ಮರಳುಗಾಡಿಗೆ ನಮ್ಮ ಬೇಸಿಗೆಯ ದಾಹವನ್ನು ತಂದು ಸೇರಿಸಿದರು. ಕೂಸಿನ ತಾಯಿ ನಮ್ಮ ಓಣಿಯ ಹೆಂಗಸಿನಂತೆಯೇ ಅಳತೊಡಗಿದಳು. ನಾವು ಅಲಾಯಿ ಕುಣಿಯ ಸುತ್ತ ನಿಂತು ಕೇಳಿದ್ದು ಅರಬಸ್ತಾನದ ಕಥೆ ಎಂದು ನಮಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಇಳಕಲ್ಲ ಸೀರೆ ನೇಯುವವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಮೈಯ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಟೋಪು ತೆನೆಯ ಸೆರಗು ನೇಕಾರ ತಾನು ಕಂಡುಹಿಡಿದ ನಮೂನೆಯಲ್ಲ, ಅಜ್ಜ ಮುತ್ತಜ್ಜರದು. ಆದರೂ ಕೊಂಡಿ ಸಡಿಲಾದರೆ ಸೀರೆ ನಿಲ್ಲುವುದಿಲ್ಲ. ಹಾಗೆ ಬಿಗಿಯಾಗಿ ಹಾಕಿದ ಕೊಂಡಿ ಕೆಲವೊಮ್ಮೆ ಮೂಲದ ಭಾಗವೇ ಆಗಿಬಿಡುವುದುಂಟು. 'ಸ್ಟಾರ್ ಟ್ರೆಕ್' ಧಾರಾವಾಹಿಯಲ್ಲಿ ಸುಲು ಎಂಬ ಪಾತ್ರಕ್ಕೆ ಪೂರ್ತಿ ಹೆಸರೇ ಇರಲಿಲ್ಲ. ವೊಂಡಾ ಮ್ಯಾಕಿಂಟೈರ್ ಎಂಬ ಲೇಖಕಿ 1981ರ ತಮ್ಮ ಟೈ-ಇನ್ ಕಾದಂಬರಿಯಲ್ಲಿ ಅವನಿಗೆ 'ಹಿಕಾರು' ಎಂದು ಹೆಸರಿಟ್ಟರು. ಹತ್ತು ವರ್ಷದ ಮೇಲೆ, 1991ರ ಸಿನಿಮಾದಲ್ಲಿ ಅದೇ ಹೆಸರು ತೆರೆಯ ಮೇಲೆ ಕೇಳಿಸಿತು.

ಹೆಸರಿಟ್ಟದ್ದೇನೋ ಸರಿ, ಹಣದ ಮಾತೇ ಬೇರೆ. ಪರರ ಲೋಕದೊಳಗೆ ಬರೆದ ಪುಸ್ತಕದ ಹಕ್ಕು ಲೋಕದ ಒಡೆಯನದು. ಕರಾರಿನಲ್ಲಿ ಬರೆದಷ್ಟು ಪಾಲು ಬಂದರೆ ಬಂತು. 2012ರಲ್ಲಿ ಲೂಕಾಸ್ ಅವರ ಕಂಪನಿಯನ್ನೂ, 2019ರಲ್ಲಿ 'ಏಲಿಯನ್' ತೆಗೆದ ಫಾಕ್ಸ್ ಕಂಪನಿಯನ್ನೂ ಡಿಸ್ನಿ ಕೊಂಡಿತು. ಆಮೇಲೆ ತಮ್ಮ ಹಳೆಯ ಪುಸ್ತಕಗಳ ಗೌರವಧನ ನಿಂತುಹೋಯಿತೆಂದು ಫಾಸ್ಟರ್ 2020ರ ನವೆಂಬರಿನಲ್ಲಿ ಬಹಿರಂಗ ಪತ್ರ ಬರೆದರು. ಪುಸ್ತಕಗಳು ಮಾರಾಟವಾಗುತ್ತಲೇ ಇದ್ದವು. ತಮಗೆ ಕ್ಯಾನ್ಸರ್, ಹೆಂಡತಿಗೂ ಕಾಯಿಲೆ, ಆ ದುಡ್ಡು ಬಂದಿದ್ದರೆ ಅನುಕೂಲವಿತ್ತು ಎಂದು ಸಂಕೋಚವಿಲ್ಲದೆ ಹೇಳಿಕೊಂಡರು. ಹಕ್ಕನ್ನು ಕೊಂಡವರು ಹೊಣೆಯನ್ನೂ ಕೊಂಡಂತಲ್ಲವೇ ಎಂದು ಅಲ್ಲಿಯ ವಿಜ್ಞಾನ ಕಥೆಗಾರರ ಸಂಘ ಬೆನ್ನಿಗೆ ನಿಂತಿತು. 2021ರಲ್ಲಿ ಫಾಸ್ಟರ್ ಅವರ ವ್ಯಾಜ್ಯ ಬಗೆಹರಿಯಿತು. ಸಂಘವಿಲ್ಲದ ಲೇಖಕ ಒಬ್ಬನೇ ಕೂಗಿದ್ದರೆ ಯಾರು ಕೇಳುತ್ತಿದ್ದರು?

ನಮ್ಮಲ್ಲಿ ಲೋಕಕ್ಕೆ ಒಡೆಯನಿಲ್ಲ, ಅದು ಕವಿಗೆ ಸಿಕ್ಕ ಬಿಡುಗಡೆ. ಅದರ ಬೆಲೆಯನ್ನೂ ಅವನೇ ತೆತ್ತ. ವ್ಯಾಸರನ್ನು ಕೇಳದೆ ಬರೆದವನ ನಾಟಕವನ್ನು ಅವನನ್ನೂ ಕೇಳದೆ ಆಡಿದರು. ಪಾರ್ಟು ಕೈಬರಹದಲ್ಲಿ ಊರಿಂದೂರಿಗೆ ಹೋಯಿತು. ಹುನಗುಂದ ತಾಲ್ಲೂಕಿನದೇ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ಕಥೆ ಇದರ ತಿರುವುಮುರುವು. ಅವರು ಪರರ ಲೋಕಕ್ಕೆ ಹೋಗಲಿಲ್ಲ, ಸಿನಿಮಾದವರೇ ಅವರ ಲೋಕಕ್ಕೆ ಬಂದರು. ಅವರ ನಾಟಕ 'ಸಂಪತ್ತಿಗೆ ಸವಾಲ್' 1974ರಲ್ಲಿ ಅದೇ ಹೆಸರಿನ ಸಿನಿಮಾ ಆಯಿತು. ಎಮ್ಮೆಯ ಮೇಲೆ ಕುಳಿತು ರಾಜ್‌ಕುಮಾರ್ ಹಾಡಿದ ಹಾಡು ಇಂದಿನ ಹುಡುಗರಿಗೂ ಗೊತ್ತು. ಆ ಕಥೆ ಯಾರದೆಂದು ಹುನಗುಂದದ ಬಸ್ ನಿಲ್ದಾಣದಲ್ಲಿ ನಾವು ಒಮ್ಮೆ ನಾಲ್ಕು ಜನರನ್ನು ಕೇಳಿದೆವು. ಮೂವರು ರಾಜ್‌ಕುಮಾರ್ ಎಂದರು. ನಾಲ್ಕನೆಯವರು ವಯಸ್ಸಾದವರು, ಪೇಟಿ ಬಾರಿಸುತ್ತಿದ್ದವರಂತೆ. "ನಮ್ಮ ಧುತ್ತರಗಿ ಮಾಸ್ತರದು ಅಲ್ಲೇನ್ರಿ" ಎಂದು ನಮ್ಮನ್ನೇ ಗದರಿಸಿದರು.

ರಿವಾಯತ ಕಟ್ಟಿದವರು ಈ ವಿಷಯದಲ್ಲಿ ಜಾಣರು. ಕೊನೆಯ ನುಡಿಯಲ್ಲಿ ತಮ್ಮ ಊರು, ಗುರು, ಹೆಸರು ಮೂರನ್ನೂ ಪ್ರಾಸಕ್ಕೆ ಸೇರಿಸಿ ಕಟ್ಟಿಬಿಡುತ್ತಾರೆ. ಬಿಟ್ಟು ಹಾಡಿದರೆ ಪದ ಮುಗಿಯುವುದೇ ಇಲ್ಲ. ಕಾಗದದ ಮೇಲಿನ ಹೆಸರಿಗೆ ಆ ಕಾವಲಿಲ್ಲ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಬನದ ಹುಣ್ಣಿಮೆಯ ಹೊತ್ತಿಗೆ ಕಂಪನಿಗಳು ಸಾಲಾಗಿ ಡೇರೆ ಹೊಡೆಯುತ್ತವೆ, ರಾತ್ರಿಯಿಡೀ ಆಟ. ಕಳೆದ ಸಲ ಹೋದಾಗ ಒಂದೊಂದು ಡೇರೆಯ ಮುಂದೆಯೂ ನಿಂತು ಫಲಕ ಓದಿದೆವು. ನಗೆನಟನ ಮುಖ ಆಳೆತ್ತರ, ನಾಟಕದ ಹೆಸರು ಬಣ್ಣದ ದೀಪಗಳಲ್ಲಿ. ಬರೆದವರ ಹೆಸರು ಎರಡು ಕಡೆ ಸಿಕ್ಕಿತು. ಒಂದು ಕಡೆ ಟಿಕೀಟಿನ ದರದ ಕೆಳಗೆ, ಇನ್ನೊಂದು ಕಡೆ ಮೈಕಿನವರ ಫೋನ್ ನಂಬರಿನ ಪಕ್ಕದಲ್ಲಿ.